ಬ್ಯಾಲೆಟ್ ಕೇಳುವ ನಿಯಮ ಸರಿಯಿಲ್ವಾ? ಬದಲಿಸಿ ಅಂತ ಅರ್ಜಿ ಹಾಕುವುದು ಹೀಗೆ

ಕಳೆದ ಚಳಿಗಾಲದಲ್ಲಿ ನನ್ನ ಒಂದು ಓಟು ತಪ್ಪಿಹೋಯಿತು. ಮಣ್ಣು, ನೀರು ಕಾಪಾಡುವ ‘ಕನ್ಸರ್ವೇಷನ್ ಡಿಸ್ಟ್ರಿಕ್ಟ್’ ಅನ್ನುವ ಮಂಡಳಿಯ ಚುನಾವಣೆ ಅದು. ಬ್ಯಾಲೆಟ್, ಅಂದರೆ ಮತಪತ್ರ, ಬೇಕು ಅಂತ ಕೇಳಿ ಮಂಡಳಿಗೆ ಗುರುವಾರ ಕಾಗದ ಪೋಸ್ಟ್ ಮಾಡಿದೆ. ಕೇಳಲು ಕೊನೆಯ ದಿನ ಶುಕ್ರವಾರ. ನನ್ನ ಕಾಗದ ಅವರ ಕೈ ಸೇರಿದ್ದು ಸೋಮವಾರ. ಪ್ರಕಟಣೆಯಲ್ಲಿ ಇದ್ದದ್ದು ‘ಶುಕ್ರವಾರದೊಳಗೆ ಕೋರಿಕೆ ಸಲ್ಲಿಸಬೇಕು’ ಅಂತ ಅಷ್ಟೇ. ಸಲ್ಲಿಸುವುದು ಅಂದರೆ ಅಂಚೆ ಡಬ್ಬಿಗೆ ಹಾಕುವುದೋ, ಅವರ ಮೇಜಿಗೆ ಮುಟ್ಟುವುದೋ? ಫೋನಿನಲ್ಲಿ ಮಾತಾಡಿದವರು ಬಹಳ ಮರ್ಯಾದೆಯಿಂದಲೇ ‘ಮುಟ್ಟುವುದು’ ಅಂದರು. ಇಮೇಲ್ ಮಾಡಬಹುದಿತ್ತಲ್ಲಮ್ಮಾ ಅಂತ ಮಗಳು ಕೇಳಿದಳು. ಮಾಡಬಹುದಿತ್ತು. ಆದರೆ ಸಹಿ ಹಾಕಿದ ಕಾಗದವೇ ಗಟ್ಟಿ ಅನ್ನುವುದು ನನ್ನ ಹಳೇ ನಂಬಿಕೆ.

ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಾತು. ಸಿಯಾಟಲ್ ಸುತ್ತಮುತ್ತ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಆದರೆ ‘ಕನ್ಸರ್ವೇಷನ್ ಡಿಸ್ಟ್ರಿಕ್ಟ್’ ಅಂದರೆ ಹತ್ತರಲ್ಲಿ ಒಂಬತ್ತು ಜನ ಮುಖ ನೋಡುತ್ತಾರೆ. ನನಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಈ ಮಂಡಳಿಯವರು ಈ ನೆಲದ್ದೇ ಗಿಡಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಬೇರಿಗೆ ಮಣ್ಣಿಲ್ಲದ ಬರಿ ಸಸಿಗಳು, ಕಟ್ಟು ಕಟ್ಟಿ ಒದ್ದೆ ಕಾಗದದಲ್ಲಿ ಸುತ್ತಿರುತ್ತವೆ. ಮನೆ ಹಿಂದಿನ ತೊರೆಯ ಅಂಚಿಗೆ ಹಾಕಲು ಸೀಡರ್ ಸಸಿ ತರಲು ಹೋದಾಗ ಅಲ್ಲಿದ್ದ ಹುಡುಗಿ ಚುನಾವಣೆ ವಿಷಯ ಹೇಳಿದಳು.

1930ರ ದಶಕದಲ್ಲಿ ಅಮೆರಿಕದ ನಡುವಿನ ಬಯಲು ಸೀಮೆಯ ಮಣ್ಣು ಗಾಳಿಗೆ ಹಾರಿಹೋದ ಮೇಲೆ, ಅಧ್ಯಕ್ಷ ರೂಸ್‌ವೆಲ್ಟ್ 1937ರಲ್ಲಿ ಎಲ್ಲಾ ರಾಜ್ಯಗಳಿಗೂ ಒಂದು ಮಾದರಿ ಕಾನೂನು ಕಳಿಸಿದರು. ಅಲ್ಲಿಂದ ಹುಟ್ಟಿದ ಮಂಡಳಿಗಳಿವು. ವಾಷಿಂಗ್ಟನ್‌ನಲ್ಲಿ 45 ಇವೆ. ಒಂದೊಂದಕ್ಕೂ ಐದು ಜನ ಸೂಪರ್‌ವೈಸರ್‌ಗಳು. ಮೂವರನ್ನು ಜನ ಆರಿಸುತ್ತಾರೆ, ಇಬ್ಬರನ್ನು ರಾಜ್ಯದ ಕನ್ಸರ್ವೇಷನ್ ಕಮಿಷನ್ ನೇಮಿಸುತ್ತದೆ. ಅವಧಿ ಮೂರು ವರ್ಷ, ಸಂಬಳ ಇಲ್ಲ. ಕೆಲವು ಕಡೆ ಮನೆ ತೆರಿಗೆ ಬಿಲ್ಲಿನಲ್ಲಿ ‘ಕನ್ಸರ್ವೇಷನ್’ ಅಂತ ಒಂದು ಸಣ್ಣ ಸಾಲು ಇರುತ್ತದೆ. ನಿಮ್ಮದನ್ನು ತೆಗೆದು ನೋಡಿ. ಇದ್ದರೆ ಆ ದುಡ್ಡು ಹೋಗುವುದು ಇಲ್ಲಿಗೇ.

ಈಗ ತೊಡಕಿನ ವಿಷಯ. ವಾಷಿಂಗ್ಟನ್‌ನಲ್ಲಿ ಬೇರೆ ಚುನಾವಣೆಗಳಿಗೆ ಬ್ಯಾಲೆಟ್ ತಾನಾಗಿ ಮನೆಗೆ ಬರುತ್ತದೆ. ವಾಪಸ್ ಕಳಿಸಲು 2018ರಿಂದ ಸ್ಟಾಂಪ್ ಕೂಡ ಬೇಡ. ಆದರೆ ಈ ಮಂಡಳಿಗಳ ಚುನಾವಣೆ ರಾಜ್ಯದ ಚುನಾವಣಾ ಕಾನೂನಿನ ಕೆಳಗೆ ಬರುವುದಿಲ್ಲ. ಹಾಗಾಗಿ ಅನೇಕ ಕಡೆ ನಾವಾಗಿ ಕೇಳಿ ತರಿಸಿಕೊಳ್ಳಬೇಕು, ಇಲ್ಲ ಹೇಳಿದ ದಿನ ಹೇಳಿದ ಜಾಗಕ್ಕೆ ಹೋಗಬೇಕು. ಊರಿನ ಸೊಸೈಟಿ ಎಲೆಕ್ಷನ್ ಇದ್ದ ಹಾಗೆ, ಗೊತ್ತಿದ್ದವರು ಮಾತ್ರ ಹೋಗುತ್ತಾರೆ. ಸಿಯಾಟಲ್ ಇರುವ ಕಿಂಗ್ ಡಿಸ್ಟ್ರಿಕ್ಟ್ 2020ರಲ್ಲಿ ಫೋನಿನಲ್ಲೇ ಓಟು ಹಾಕಲು ಅವಕಾಶ ಕೊಟ್ಟು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅಲ್ಲಿ ಸುಮಾರು 12 ಲಕ್ಷ ಮತದಾರರು. ಅದಕ್ಕೆ ಮುಂಚೆ ಓಟು ಹಾಕುತ್ತಿದ್ದವರು ನೂರಕ್ಕೆ ಒಬ್ಬರೂ ಇದ್ದರೋ ಇಲ್ಲವೋ.

ನಿಯಮ ಬದಲಿಸಿ ಅಂತ ಕೇಳುವ ಮೊದಲು ಒಂದನ್ನು ನೋಡಿಕೊಳ್ಳಿ. ನಿಮ್ಮ ತಕರಾರು ಕಾನೂನಿನ ಮೇಲೋ, ನಿಯಮದ ಮೇಲೋ? ಚುನಾವಣೆ ಜನವರಿಯಿಂದ ಮಾರ್ಚ್ ಒಳಗೇ ನಡೆಯಬೇಕು ಅನ್ನುವುದು ಕಾನೂನು, ಶಾಸನಸಭೆ ಮಾಡಿದ್ದು. ನವೆಂಬರಿಗೆ ಹಾಕಿ ಅಂತ ಕಮಿಷನ್‌ಗೆ ಬರೆದರೆ ಅವರ ಕೈಯಲ್ಲಿ ಏನೂ ಇಲ್ಲ. ಅದಕ್ಕೆ ನಿಮ್ಮ ಶಾಸಕರನ್ನೇ ಹಿಡಿಯಬೇಕು. ಚುನಾವಣೆಯನ್ನು ಹೇಗೆ ನಡೆಸಬೇಕು ಅನ್ನುವ ವಿವರಗಳು ಕಮಿಷನ್ ಮಾಡಿದ ನಿಯಮಗಳಲ್ಲಿವೆ. ರಾಜ್ಯದ ನಿಯಮಗಳ ಕಂತೆಗೆ ಇಲ್ಲಿನವರು ‘ವ್ಯಾಕ್’ ಅನ್ನುತ್ತಾರೆ. ನಮಗೆ ಬೇಕಾದದ್ದು ಅದರ 135-110ನೇ ಅಧ್ಯಾಯ. ಶಾಸನಸಭೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಓದಬಹುದು. ನಾನು ಎರಡು ಸಂಜೆ ಕೂತು ಓದಿದೆ. ಬೇಜಾರಿನ ಓದೇ, ಸುಳ್ಳು ಹೇಳಲ್ಲ. ಓದಿದ ಮೇಲೆ ನಿಮ್ಮ ಮಂಡಳಿಯೇ ನಿಯಮ ಪಾಲಿಸಿಲ್ಲ ಅಂತ ಕಂಡರೆ ಅರ್ಜಿ ಬೇಡ, ದೂರು ಕೊಡಿ. ಅದು ಬೇರೆ ದಾರಿ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯ. ಓಟು ಅಮೆರಿಕದ ಪೌರತ್ವ ಇರುವವರಿಗೆ ಮಾತ್ರ, ಅದೂ ಆ ಡಿಸ್ಟ್ರಿಕ್ಟ್ ಒಳಗೆ ವಾಸವಿದ್ದು ಮತದಾರರ ಪಟ್ಟಿಯಲ್ಲಿ ಹೆಸರು ಇದ್ದರೆ. ಗ್ರೀನ್ ಕಾರ್ಡ್, ಎಚ್-1ಬಿ ಮೇಲೆ ಇರುವವರು ಸುಮ್ನೆ ನೋಡೋಣ ಅಂತ ಕೂಡ ಬ್ಯಾಲೆಟ್ ಕೇಳಬೇಡಿ, ದೊಡ್ಡ ತಾಪತ್ರಯ. ಆದರೆ ನಿಯಮ ಬದಲಿಸಿ ಅಂತ ಅರ್ಜಿ ಹಾಕಲು ಪೌರತ್ವ ಬೇಕಿಲ್ಲ. ಕಾನೂನಿನಲ್ಲಿ ಇರುವುದು ‘ಯಾವುದೇ ವ್ಯಕ್ತಿ’ ಅಂತ. ನಮ್ಮ ಪಕ್ಕದ ಮನೆಯ ಹುಡುಗ ಒಂಬತ್ತು ವರ್ಷದಿಂದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದಾನೆ. ‘ಆಂಟಿ, ಈ ಊರಲ್ಲಿ ನನ್ನ ಮಾತು ಯಾರು ಕೇಳ್ತಾರೆ’ ಅನ್ನುತ್ತಿದ್ದ. ಇದನ್ನು ತೋರಿಸಿದೆ. ಆ ಸಾಲನ್ನು ಎರಡು ಸಲ ಓದಿದ.

ಅರ್ಜಿಗೆ ರಾಜ್ಯದ ಹಣಕಾಸು ನಿರ್ವಹಣೆ ಕಚೇರಿಯ ಫಾರಂ ಇದೆ. ಹೊಸ ನಿಯಮ ಬೇಕೋ, ಇರುವುದನ್ನು ತಿದ್ದಬೇಕೋ, ತೆಗೆದೇ ಹಾಕಬೇಕೋ ಅಂತ ಕೇಳುತ್ತದೆ. ಆದಷ್ಟೂ ‘ತಿದ್ದಬೇಕು’ ಅನ್ನುವುದನ್ನೇ ಆರಿಸಿ, ಯಾವ ಕಲಮು ಅಂತ ನಂಬರ್ ಹಾಕಿ. ಯಾಕೆ ಅಂದರೆ ತಿದ್ದಿ ಅಥವಾ ತೆಗೆಯಿರಿ ಅಂತ ಕೇಳಿದ ಅರ್ಜಿ ತಿರಸ್ಕಾರವಾದರೆ ಗವರ್ನರ್‌ಗೆ ಮೇಲ್ಮನವಿ ಹೋಗಬಹುದು. ಹೊಸ ನಿಯಮ ಕೇಳಿದವರಿಗೆ ಆ ಬಾಗಿಲು ಇಲ್ಲ.

ಆಮೇಲೆ ನಿಮಗೆ ಬೇಕಾದ ವಾಕ್ಯವನ್ನು ನೀವೇ ಬರೆದುಕೊಡಿ. ಜನ ಎಡವುವುದು ಇಲ್ಲೇ. ನನ್ನ ಮೊದಲ ಪ್ರತಿ ಒಂದೂವರೆ ಪುಟ ಇತ್ತು, ಅದರಲ್ಲಿ ಮುಕ್ಕಾಲು ಭಾಗ ನನ್ನ ಸಿಟ್ಟು. ಮಗಳು ಕೆಂಪು ಪೆನ್ ಹಿಡಿದು ಎಲ್ಲಾ ಹೊಡೆದು ಹಾಕಿದಳು. ಉಳಿದದ್ದು ಇಷ್ಟು: ‘ಬ್ಯಾಲೆಟ್ ಕೇಳಲು ಕೊನೆಯ ದಿನವನ್ನು ಪ್ರಕಟಿಸುವಾಗ, ಅದು ಕೋರಿಕೆ ಕಚೇರಿಗೆ ತಲುಪಬೇಕಾದ ದಿನವೋ ಅಂಚೆ ಮುದ್ರೆಯ ದಿನವೋ ಎಂಬುದನ್ನು ಅದೇ ಸಾಲಿನಲ್ಲಿ ಹೇಳಬೇಕು.’ ಇದರ ಇಂಗ್ಲಿಷ್ ರೂಪ ಎರಡೂವರೆ ಸಾಲು. ಕಾರಣದ ಜಾಗದಲ್ಲಿ ಗುರುವಾರ, ಶುಕ್ರವಾರ, ಸೋಮವಾರದ ಕತೆಯನ್ನು ನಾಲ್ಕು ಸಾಲಿನಲ್ಲಿ ಬರೆದೆ. ಲಕೋಟೆಯ ಫೋಟೋ ಲಗತ್ತಿಸಿದೆ, ಅಂಚೆ ಮುದ್ರೆ ಕಾಣುವ ಹಾಗೆ. ಒಂದು ಅರ್ಜಿಗೆ ಒಂದೇ ಬೇಡಿಕೆ ಇರಲಿ. ಜೊತೆಗೆ ಕನ್ನಡದಲ್ಲೂ ಬ್ಯಾಲೆಟ್ ಕೊಡಿ ಅಂತ ಸೇರಿಸು ಅಂದರು ನಮ್ಮ ಯಜಮಾನರು. ಸುಮ್ನಿರಿ ಅಂದೆ.

ಅರ್ಜಿ ಕೈ ಸೇರಿದ 60 ದಿನದೊಳಗೆ ಕಮಿಷನ್ ಒಂದೋ ನಿಯಮ ತಿದ್ದುವ ಕೆಲಸ ಶುರು ಮಾಡಬೇಕು, ಇಲ್ಲವೋ ಆಗಲ್ಲ ಅಂತ ಕಾರಣ ಸಮೇತ ಬರೆದು ತಿಳಿಸಬೇಕು. ಆಗಲ್ಲ ಅಂದರೆ 30 ದಿನದೊಳಗೆ ಗವರ್ನರ್‌ಗೆ ಬರೆಯಬಹುದು. ಅವರು 45 ದಿನದಲ್ಲಿ ಉತ್ತರ ಕೊಡಬೇಕು.

ಕೆಲಸ ಶುರುವಾದರೆ, ಅಥವಾ ಕಮಿಷನ್ ತಾನಾಗೇ ನಿಯಮ ತಿದ್ದಲು ಹೊರಟರೆ, ಮೂರು ಕಾಗದಗಳ ಮೇಲೆ ಕಣ್ಣಿಡಿ. ಸಿಆರ್-101 ಬಂದರೆ ‘ಹೀಗೊಂದು ಯೋಚನೆ ಇದೆ’ ಅಂತ ಅರ್ಥ. ಸಿಆರ್-102ರಲ್ಲಿ ತಿದ್ದಿದ ಪಠ್ಯ, ಅಹವಾಲು ಕೇಳುವ ದಿನ, ಅಭಿಪ್ರಾಯ ಕಳಿಸಲು ಕೊನೆಯ ದಿನ ಎಲ್ಲಾ ಇರುತ್ತವೆ. ಸಿಆರ್-103 ಅಂದರೆ ಮುಗಿಯಿತು, ನಿಯಮ ಪಾಸಾಯಿತು. ಸಾಮಾನ್ಯವಾಗಿ ಅದನ್ನು ಸಲ್ಲಿಸಿ 31 ದಿನಕ್ಕೆ ಜಾರಿಗೆ ಬರುತ್ತದೆ. ಇವೆಲ್ಲ ರಾಜ್ಯದ ರಿಜಿಸ್ಟರಿನಲ್ಲಿ ಅಚ್ಚಾಗುತ್ತವೆ. ನಮ್ಮ ಗೆಜೆಟ್ ಥರದ್ದು, ತಿಂಗಳಿಗೆ ಎರಡು ಸಲ, ಬುಧವಾರ ಬರುತ್ತದೆ. ಸಿಆರ್-102 ಅಚ್ಚಾದ ಮೇಲೆ ಅಹವಾಲಿಗೆ ಕಡಿಮೆ ಅಂದರೆ 20 ದಿನ ಬಿಡಬೇಕು. 20 ದಿನ ಕೇಳಲು ಜಾಸ್ತಿ, ಆದರೆ ದೀಪಾವಳಿ ಸಮಯದಲ್ಲಿ ಬಂದರೆ ಹೋಯಿತು ಅಂತಲೇ ತಿಳಿಯಿರಿ. ಕಮಿಷನ್‌ನ ಇಮೇಲ್ ಪಟ್ಟಿಗೆ ಈಗಲೇ ಸೇರಿಕೊಳ್ಳಿ.

ಸಿಆರ್-102 ಓದುವ ರೀತಿ ಮೊದಲ ಸಲ ನನಗೆ ತಲೆ ಕೆಡಿಸಿತ್ತು. ಎರಡೆರಡು ಕಂಸದೊಳಗೆ ಗೀಟು ಎಳೆದಿರುವುದು ಹೋಗುವ ಮಾತು. ಕೆಳಗೆ ಗೆರೆ ಇರುವುದು ಹೊಸದಾಗಿ ಬರುವ ಮಾತು. ಮೊದಲು ಗೆರೆ ಇರುವುದನ್ನಷ್ಟೇ ಓದಿ, ಆಮೇಲೆ ಗೀಟು ಹೊಡೆದದ್ದನ್ನು. ಕೆಲವೊಮ್ಮೆ ನಮಗೆ ಅನುಕೂಲವಾಗಿದ್ದ ಒಂದು ಪುಟ್ಟ ಪದ ಸದ್ದಿಲ್ಲದೆ ಆ ಕಂಸದೊಳಗೆ ಸೇರಿಕೊಂಡಿರುತ್ತದೆ.

ಅಭಿಪ್ರಾಯ ಬರೆಯುವಾಗ ಇಂಥ ಕಲಮು, ಇಂಥ ಪದ ಅಂತ ತೋರಿಸಿ. ‘ಈ ನಿಯಮ ಚೆನ್ನಾಗಿಲ್ಲ’ ಅಂದರೆ ಅವರು ಏನು ಮಾಡಬೇಕು? ಅಹವಾಲಿನ ದಿನ ಎದ್ದು ಮಾತಾಡಲು ಮುಜುಗರ ಅನ್ನುವವರು ಬರೆದು ಕಳಿಸಿದರೂ ಆಯಿತು, ಎರಡನ್ನೂ ಅವರು ಗಮನಿಸಲೇಬೇಕು. ನಿಯಮ ಪಾಸು ಮಾಡುವಾಗ ಬಂದ ಅಭಿಪ್ರಾಯಗಳು ಯಾವುವು, ಒಪ್ಪಿದ್ದು ಯಾಕೆ, ಬಿಟ್ಟದ್ದು ಯಾಕೆ ಅಂತ ಒಂದು ವಿವರಣೆ ಬರೆಯಬೇಕು. ಅದನ್ನು ಕೇಳಿ ತರಿಸಿಕೊಳ್ಳಿ. ನಿಮ್ಮ ಮಾತು ಅದರಲ್ಲಿ ಎಲ್ಲಿದೆ ಅಂತ ಹುಡುಕುವುದರಲ್ಲಿ ಒಂದು ಖುಷಿ ಇದೆ.

ನನ್ನ ಅರ್ಜಿಯನ್ನು ಈ ಸಲ ಇಮೇಲ್‌ನಲ್ಲೇ ಕಳಿಸಿದ್ದೇನೆ, ತಲುಪಿತು ಅಂತ ಉತ್ತರವೂ ಬಂತು. ಅಡುಗೆಮನೆಯಲ್ಲಿ ಊರಿಂದ ತಂದ ಕ್ಯಾಲೆಂಡರ್ ಇದೆ. ಅದರಲ್ಲಿ 60 ದಿನ ಎಣಿಸಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಆವತ್ತು ಏಕಾದಶಿ ಬಿದ್ದಿದೆ.