ಹಳೇ ಪಿಕಪ್‌ನ ಸ್ಟಾರ್ಟರ್ ‘ಟಕ್’ ಅಂದು ಸುಮ್ಮನಾದರೆ

ಕೀ ತಿರುಗಿಸಿದಾಗ ‘ಟಕ್’ ಅನ್ನುತ್ತೆ, ಎಂಜಿನ್ ತಿರುಗಲ್ಲ. ತಕ್ಷಣ ಸ್ಟಾರ್ಟರ್ ಮೋಟಾರ್ ಬಿಚ್ಚಬೇಡಿ. ಹಳೇ ಗಾಡಿಗಳಲ್ಲಿ ತೊಂದರೆ ಜಾಸ್ತಿ ಇರುವುದು ವೈರಿಂಗ್‌ನಲ್ಲಿ.

ಮೊದಲು ಬ್ಯಾಟರಿ. 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮೀಟರ್ ಸುಮಾರು 12.6 ತೋರಿಸಬೇಕು. ಟರ್ಮಿನಲ್ ಬಿಚ್ಚಿ ಒಳಗಡೆಯೂ ಉಜ್ಜಿ, ಹೊರಗೆ ಹೊಳೆದರೆ ಸಾಲದು.

ನಂತರ ಅರ್ಥಿಂಗ್, ಅಂದರೆ ಎಂಜಿನ್, ಚಾಸಿ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಇದನ್ನೇ ಎಲ್ಲರೂ ಮರೆಯೋದು. ಎಂಜಿನ್‌ನಿಂದ ಚಾಸಿಗೆ ಹೋಗುವ ಪಟ್ಟಿಯ ಬೋಲ್ಟ್ ಕೆಳಗೆ ಬಣ್ಣ, ತುಕ್ಕು ಇದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಪರೀಕ್ಷೆ ಸುಲಭ: ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಸ್ಟಾರ್ಟರ್‌ನ ಮೈಗೆ. ಒಬ್ಬರು ಕೀ ತಿರುಗಿಸಲಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಕೆಟ್ಟಿದೆ ಅಂತಲೇ ಅರ್ಥ. ಪಾಸಿಟಿವ್ ಕೇಬಲ್‌ನ ಎರಡು ತುದಿಗಳನ್ನೂ ಹೀಗೇ ನೋಡಿ. (ತೀರಾ ಹಳೇ ಕೆಲವು ಗಾಡಿಗಳಲ್ಲಿ ಪಾಸಿಟಿವ್ವೇ ಅರ್ಥ್ ಆಗಿರುತ್ತೆ, ಮೊದಲೇ ಗಮನಿಸಿ.)

6 ವೋಲ್ಟ್ ಗಾಡಿಗೆ ದಪ್ಪ ಕೇಬಲ್ ಬೇಕೇ ಬೇಕು. ಅಷ್ಟೇ ಕೆಲಸಕ್ಕೆ ಅಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು ಅಲ್ವಾ? 12 ವೋಲ್ಟ್‌ನ ತೆಳು ಕೇಬಲ್ ಹಾಕಿದರೆ ಸ್ಟಾರ್ಟರ್ ತಿಣುಕುತ್ತೆ.

ಇಷ್ಟೆಲ್ಲ ಸರಿಯಿದ್ದೂ ಬರೀ ‘ಟಕ್’ ಅಂದರೆ ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್) ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಬ್ರಷ್ (ಮೋಟಾರ್ ಒಳಗೆ ಕರೆಂಟ್ ದಾಟಿಸುವ ತುಂಡು) ಸವೆದಿರಬಹುದು. ಸ್ಟಾರ್ಟರ್ ಗರ್ರ್ ಅಂತ ಖಾಲಿ ತಿರುಗಿದರೆ ಬೆಂಡಿಕ್ಸ್ (ಸ್ಟಾರ್ಟರನ್ನು ಎಂಜಿನ್‌ಗೆ ಕಚ್ಚಿಸುವ ಗೇರ್) ನೋಡಿ. ಸ್ಟಾರ್ಟರ್ ಬಿಚ್ಚುವ ಮುಂಚೆ ಬ್ಯಾಟರಿಯ ಅರ್ಥ್ ಕೇಬಲ್ ತೆಗೆದಿಡಿ.