ಮಾತ್ರೆ ಮುಗಿಯುವ ಮೊದಲು ವೈದ್ಯರು ಸಿಗಬೇಕಿತ್ತು

ನನಗೆ ಹನ್ನೊಂದು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳ ಉರಿಯೂತದ ಕಾಯಿಲೆ ಇದೆ. ಬೆಳಿಗ್ಗೆ ಬೆರಳು ಮಡಚಲಾಗದೆ, ಹಾಲಿನ ಪ್ಯಾಕೆಟ್ ಕತ್ತರಿಸಲೂ ಮಗಳನ್ನು ಕೂಗುತ್ತಿದ್ದ ದಿನಗಳನ್ನು ಕಂಡಿದ್ದೇನೆ. ಪ್ರತಿ ಭಾನುವಾರ ರಾತ್ರಿ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ನನ್ನನ್ನು ಅವುಗಳಿಂದ ಪಾರುಮಾಡಿದೆ. ಹಾಗಾಗಿ ಪತಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಾಗ ಮನೆ, ಶಾಲೆ, ಚಳಿ ಇವೆಲ್ಲಕ್ಕಿಂತ ಮೊದಲು ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಅಲ್ಲಿ ಈ ಮಾತ್ರೆ ಬರೆದುಕೊಡುವವರು ಯಾರು?

ಮೈಸೂರಿನಲ್ಲಿ ತಜ್ಞರ ಕ್ಲಿನಿಕ್ಕಿಗೆ ನೇರವಾಗಿ ಹೋಗಿ ಹೆಸರು ಬರೆಸಿ ಕುಳಿತರೆ ಅಂದೇ ನೋಡುತ್ತಿದ್ದರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಹಾಗಿಲ್ಲ. ಮೊದಲು ಮನೆ ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರಲ್ಲಿ ನೋಂದಾಯಿಸಿಕೊಳ್ಳಬೇಕು. ಅವರು ಪತ್ರ ಬರೆದ ಮೇಲೆಯೇ ಆಸ್ಪತ್ರೆಯ ತಜ್ಞರ ಸರದಿ. ಪತ್ರ ಹೋದಂದಿನಿಂದ ಚಿಕಿತ್ಸೆ ಶುರುವಾಗುವವರೆಗೆ 18 ವಾರ ಎಂಬುದು ಅಲ್ಲಿನ ಗುರಿ, ಎಷ್ಟೋ ಕಡೆ ಅದನ್ನೂ ಮೀರುತ್ತದೆ. ನನ್ನ ಪೆಟ್ಟಿಗೆಯಲ್ಲಿದ್ದದ್ದು ಮೂರು ತಿಂಗಳ ಮಾತ್ರೆ, ಅಂದರೆ 13 ವಾರ.

ಹೊರಡುವ ಮುನ್ನ ಮಾಡಿದ ಒಂದು ಕೆಲಸ ನನ್ನನ್ನು ಕಾಪಾಡಿತು. ನಮ್ಮಲ್ಲಿ ಕಡತ ರೋಗಿಯ ಕೈಯಲ್ಲೇ ಇರುತ್ತದೆ. ನನ್ನದು ಪ್ಲಾಸ್ಟಿಕ್ ಚೀಲ ತುಂಬ ಇತ್ತು. ಅದನ್ನು ತಜ್ಞರ ಮೇಜಿನ ಮೇಲಿಟ್ಟು, "ಇಷ್ಟನ್ನೂ ಒಂದು ಪುಟಕ್ಕೆ ಇಳಿಸಿಕೊಡಿ ಡಾಕ್ಟರೇ" ಎಂದು ಕೇಳಿದೆ. "ಫಾಲಿಟ್ರಾಕ್ಸ್ ಅಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಮ್ಮ" ಎಂದು ಅವರು, ನನ್ನ ಮೆಥೊಟ್ರೆಕ್ಸೇಟ್‌ಗಿರುವ ಫಾಲಿಟ್ರಾಕ್ಸ್‌ನಂಥ ಕಂಪನಿಯ ಹೆಸರುಗಳನ್ನು ಬಿಟ್ಟು ಔಷಧದ ಮೂಲ ಹೆಸರು, ಪ್ರಮಾಣ, ಶುರುಮಾಡಿದ ತಿಂಗಳು ಎಲ್ಲವನ್ನೂ ಟೈಪ್ ಮಾಡಿಸಿದರು. ಹಿಂದೆ ಕೊಟ್ಟಿದ್ದ ಸಲ್ಫಾಸಲಜಿನ್ ಎಂಬ ಔಷಧವನ್ನು ಏಕೆ ನಿಲ್ಲಿಸಿದೆವು ಎಂಬುದೂ ಅದರಲ್ಲಿತ್ತು: ಮೈತುಂಬ ದದ್ದು. ಯಾವುದು ನನಗೆ ಆಗಲಿಲ್ಲ ಎಂಬ ಆ ಸಾಲು ಎಲ್ಲಕ್ಕಿಂತ ಮುಖ್ಯ, ಇಲ್ಲದಿದ್ದರೆ ಹೊಸ ವೈದ್ಯರು ಅಲ್ಲಿಂದಲೇ ಮತ್ತೆ ಶುರುಮಾಡಬಹುದು. ವೀಸಾಕ್ಕಾಗಿ ಮಾಡಿಸಿದ ಕ್ಷಯ ತಪಾಸಣೆಯ ಎದೆಯ ಎಕ್ಸ್-ರೇ ಪ್ರತಿಯನ್ನೂ ಇಟ್ಟುಕೊಂಡೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಡುವವರು ಅದನ್ನು ಕೇಳಿಯೇ ಕೇಳುತ್ತಾರೆ.

ಲೀಡ್ಸ್ ತಲುಪಿದ ವಾರವೇ ನೋಂದಾಯಿಸಿದೆ. ಆದರೆ ಜಿಪಿ, "ಆಸ್ಪತ್ರೆಯಿಂದ ಪತ್ರ ಬರದೆ ಮೆಥೊಟ್ರೆಕ್ಸೇಟ್ ಬರೆಯಲಾಗದು" ಎಂದುಬಿಟ್ಟರು. ಅಂದು ಬಸ್ಸಿನಲ್ಲಿ ಕುಳಿತು ಅತ್ತುಬಿಟ್ಟೆ. ಆಮೇಲೆ ಕಾರಣ ತಿಳಿಯಿತು. ಈ ಔಷಧ ಯಕೃತ್ತು ಮತ್ತು ರಕ್ತಕಣಗಳ ಮೇಲೆ ಪರಿಣಾಮ ಬೀರಬಹುದಾದ್ದರಿಂದ ತಜ್ಞರು ಮತ್ತು ಜಿಪಿ ಜವಾಬ್ದಾರಿ ಹಂಚಿಕೊಳ್ಳುವ ಲಿಖಿತ ಒಪ್ಪಂದ ಬೇಕು, ರಕ್ತಪರೀಕ್ಷೆ ಯಾರು ನೋಡಬೇಕೆಂಬುದು ಅದರಲ್ಲಿ ಇರುತ್ತದೆ.

ಎರಡನೆಯ ಸಲ ಹೋದಾಗ ನನ್ನ ಪುಟದೊಂದಿಗೆ ಉಳಿದ ಮಾತ್ರೆಗಳ ಪಟ್ಟಿಯನ್ನೂ ಮೇಜಿನ ಮೇಲಿಟ್ಟೆ. "ಸರದಿ ಬರುವ ತನಕ ತಜ್ಞರ ಸಲಹೆಯನ್ನಾದರೂ ಬರವಣಿಗೆಯಲ್ಲಿ ತರಿಸಬಹುದೇ?" ಎಂದು ಕೇಳಿದೆ. ಜಿಪಿಗಳು ತಜ್ಞರಿಗೆ ನೇರವಾಗಿ ಪ್ರಶ್ನೆ ಕಳಿಸುವ ವ್ಯವಸ್ಥೆ ಅಲ್ಲಿದೆ, ಕೇಳಬೇಕಷ್ಟೆ. ಹತ್ತು ದಿನದಲ್ಲಿ ಉತ್ತರ ಬಂತು. ರಕ್ತಪರೀಕ್ಷೆ ಮಾಡಿಸಿ, ತಜ್ಞರನ್ನು ಕಾಣುವ ತನಕ ಅದೇ ಔಷಧ ಮುಂದುವರಿಸಿದರು.

ಖರ್ಚು ಹೆಚ್ಚಲ್ಲ. ವೀಸಾ ಜೊತೆಗೇ ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೆವು. ಔಷಧಗಳಿಗೆ ಬಿಡಿಯಾಗಿ 9.90 ಪೌಂಡ್‌ನಂತೆ ಕೊಡುವ ಬದಲು 114.50 ಪೌಂಡ್‌ನ ವಾರ್ಷಿಕ ಪ್ರಮಾಣಪತ್ರ ಕೊಂಡೆ.

ಮೊದಲ ಪೊಟ್ಟಣ ಬಿಚ್ಚಿದಾಗ ಮಾತ್ರ ಎದೆ ಧಸಕ್ಕೆಂದಿತು. ಊರಿನಲ್ಲಿ 15 ಮಿಲಿಗ್ರಾಂನ ಒಂದೇ ಮಾತ್ರೆ. ಲೀಡ್ಸ್‌ನಲ್ಲಿ 2.5 ಮಿಲಿಗ್ರಾಂನ ಪುಟ್ಟ ಹಳದಿ ಮಾತ್ರೆಗಳು, ವಾರಕ್ಕೆ ಆರು. 10 ಮಿಲಿಗ್ರಾಂ ಮಾತ್ರೆಯೊಂದಿಗೆ ಅದಲುಬದಲಾಗಿ ಅನಾಹುತವಾಗದಿರಲೆಂದು ಅಲ್ಲಿ ಸಾಮಾನ್ಯವಾಗಿ ಸಣ್ಣದನ್ನೇ ಕೊಡುತ್ತಾರೆ. ಲೇಬಲ್ ಮೇಲೆ 'ಭಾನುವಾರ' ಎಂದು ಅಚ್ಚಾಗಿತ್ತು. ಆದರೂ ಆರನ್ನೂ ತಟ್ಟೆಯಲ್ಲಿ ಸಾಲಾಗಿಟ್ಟು, ಪತಿಯಿಂದ ಮತ್ತೊಮ್ಮೆ ಎಣಿಸಿಯೇ ನುಂಗಿದೆ. ನಮ್ಮವರು ಯಾರೇ ಈ ಔಷಧದೊಂದಿಗೆ ಹೋದರೂ ಹಳೆಯ ಮಾತ್ರೆ ಮತ್ತು ಹೊಸ ಮಾತ್ರೆಯನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ.

ತಜ್ಞರ ಭೇಟಿಯಾದದ್ದು ಹದಿನೇಳನೆಯ ವಾರ. ಆಕೆ ನನ್ನ ಪುಟವನ್ನು ಎರಡು ಸಲ ಓದಿ, ಎದುರಿಗೆ ಕುರ್ಚಿ ಎಳೆದುಕೊಂಡು, ನನ್ನ 28 ಕೀಲುಗಳನ್ನು ಮೈಸೂರಿನ ಡಾಕ್ಟರಂತೆಯೇ ಒಂದೊಂದಾಗಿ ಒತ್ತಿ ನೋಡಿದರು. ಎರಡು ಮಾತ್ರ ನೋಯುತ್ತಿದ್ದವು.