ಗಲ್ಲು ಬೇಕೇ ಎಂದು ಕೇಳುವ ಬಗೆ

ಉಡುಪಿಯಲ್ಲಿ ಕಾನೂನು ಪಾಠ ಹೇಳುವ ನಾನು, ಮರಣದಂಡನೆಯ ಬಗ್ಗೆ ಜನಾಭಿಪ್ರಾಯ ಕೇಳಲು ವಿದ್ಯಾರ್ಥಿಗಳನ್ನು ಮಲ್ಪೆ ಬಂದರಿಗೆ, ರಥಬೀದಿಗೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಕರೆದೊಯ್ಯುತ್ತೇನೆ. ತುಳು, ಕೊಂಕಣಿ, ಬ್ಯಾರಿ ಬಲ್ಲವರು ಪ್ರತಿ ಗುಂಪಿನಲ್ಲೂ ಇರಲೇಬೇಕು. ಮನೆಮಾತಿನಲ್ಲಿ ಕೇಳಿದರೆ ಜನ ಮನಸ್ಸು ಬಿಚ್ಚುತ್ತಾರೆ.

"ಕೊಲೆಗಾರನಿಗೆ ಗಲ್ಲು ಬೇಕೇ?" ಎಂದಷ್ಟೇ ಕೇಳಿ ಗುರುತು ಹಾಕಿಕೊಂಡು ಬರುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಕೇಳಿದರೆ ಹೆಚ್ಚಿನವರು ತಡಮಾಡದೆ ಬೇಕು ಎನ್ನುತ್ತಾರೆ. ಯಾಕೆ ಎಂದು ಕೇಳಿದಾಗಲೇ ವಿಷಯ ಹೊರಬರುವುದು. ರಿಕ್ಷಾ ಚಾಲಕರೊಬ್ಬರು ಹೇಳಿದರು: "ಜೀವಾವಧಿ ಎಂದರೆ ಹದಿನಾಲ್ಕು ವರ್ಷ. ಮತ್ತೆ ಹೊರಗೆ ಬರುತ್ತಾನಲ್ಲ ಮಾರಾಯರೇ!"

ಈ ಹದಿನಾಲ್ಕರ ನಂಬಿಕೆ ಬಹಳ ಗಟ್ಟಿ. ಜೀವಾವಧಿ ಎಂದರೆ ಸಾಯುವವರೆಗೆ. ಕೊಲೆಯಂಥ ಅಪರಾಧಕ್ಕೆ ಆ ಶಿಕ್ಷೆಯಾದವನನ್ನು 14 ವರ್ಷಕ್ಕೆ ಮೊದಲು ಸರ್ಕಾರ ಬಿಡುವಂತಿಲ್ಲ, ಆಮೇಲೆ ಬಿಡಲೇಬೇಕೆಂದೂ ಇಲ್ಲ. ಇದನ್ನು ವಿವರಿಸಿ, 2008ರಲ್ಲಿ ಹೆಂಡತಿಯನ್ನು ಕೊಂದ ಕರ್ನಾಟಕದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಲ್ಲಿನ ಬದಲು ಬಿಡುಗಡೆಯೇ ಇಲ್ಲದ ಜೀವಾವಧಿ ವಿಧಿಸಿದ್ದನ್ನು ಹೇಳಿ, ಮತ್ತೆ ಕೇಳಿಸುತ್ತೇನೆ. "ಹೊರಗೆ ಬಿಡುವುದಿಲ್ಲವಾದರೆ ಅಷ್ಟು ಸಾಕು" ಎಂದರು ಆ ಚಾಲಕರು. ಹಾಗೆ ಹೇಳುವವರು ಅನೇಕರು.

ವಿಷಯ ಚೆನ್ನಾಗಿ ತಿಳಿದ ಜನ ಮರಣದಂಡನೆಯನ್ನು ಒಪ್ಪಲಾರರು ಎಂದು ಅಮೆರಿಕದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ 1972ರಲ್ಲಿ ಬರೆದಿದ್ದರು. ನಾನು ಅಷ್ಟು ಹೇಳಲಾರೆ. 1994ರಲ್ಲಿ ಮಂಗಳೂರಿನ ವಾಮಂಜೂರಿನಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ಅಪರಾಧಿಯ ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ತೀರ್ಮಾನವಾಗದೆ ಉಳಿದುದರಿಂದ 2014ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಈ ಪ್ರಕರಣವನ್ನು ವಿವರಿಸಿದಾಗ ಹಿರಿಯರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, "ಅರ್ಜಿ ತಡವಾದದ್ದಕ್ಕೆ ಸತ್ತವರು ಹೊಣೆಯೇ?" ಎಂದರು. ಗಲ್ಲು ವಿರೋಧಿಸುವ ನನಗೂ ಅದು ತೂಕದ ಮಾತು. ಅದನ್ನು ಅವರ ಮಾತಿನಲ್ಲೇ ಬರೆದುಕೊಂಡೆವು. ವಿದ್ಯಾರ್ಥಿಗಳು ಯಾರೊಡನೆಯೂ ವಾದಕ್ಕಿಳಿಯಬಾರದು, ಒಪ್ಪಿಸಲು ಹೋಗಬಾರದು.

ಘೋರ ಕೃತ್ಯವೊಂದು ಸುದ್ದಿಯಲ್ಲಿರುವ ವಾರ ನಾವು ಹೊರಡುವುದಿಲ್ಲ. ಆ ವಾರದ ಸಿಟ್ಟೂ ಜನಾಭಿಪ್ರಾಯವಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ವಾದಿಸಿದಳು. ಅವಳ ಮಾತಿನಲ್ಲಿ ಹುರುಳಿದೆ. ಈಗ ಪ್ರತಿ ಹಾಳೆಯ ಮೇಲೂ ದಿನಾಂಕದ ಜೊತೆಗೆ, ಆ ದಿನ ಪತ್ರಿಕೆಗಳಲ್ಲಿ ಯಾವ ಅಪರಾಧದ ಸುದ್ದಿಯಿತ್ತೆಂದೂ ಬರೆಯಿಸುತ್ತೇನೆ.